ಹೆಗಲಿನಿಂದ ಹೆಗಲಿಗೆ ಒಂದು ಬಟ್ಟೆ

ಆರು ಸೆಂಟಿಮೀಟರ್ ಅಗಲ, ಒಂದೂಮುಕ್ಕಾಲು ಮೀಟರಿನಷ್ಟು ಉದ್ದ. ಒಂದು ಹೆಗಲಿನಿಂದ ಎದುರು ಸೊಂಟಕ್ಕೆ ಅಡ್ಡಲಾಗಿ ಇಳಿಯುವ ಈ ಬಟ್ಟೆಪಟ್ಟಿಗೆ ಜಪಾನಿನವರು ತಸುಕಿ ಎನ್ನುತ್ತಾರೆ. ಕೆಲಸದ ಹೊತ್ತಿನಲ್ಲಿ ಕಿಮೋನೊದ ತೋಳು ಅಡ್ಡ ಬರದಂತೆ ಎತ್ತಿ ಕಟ್ಟುವುದು ಅದರ ಮೂಲ ಉಪಯೋಗ. ನಾಟಿಗೆ ಇಳಿಯುವ ನಮ್ಮ ಹೆಣ್ಣುಮಕ್ಕಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸುವುದಿಲ್ಲವೇ, ಹಾಗೆ. ಎಕಿಡೆನ್ ಎಂಬ ದೂರದ ರಿಲೇ ಓಟದಲ್ಲಿ ಕೈಯಿಂದ ಕೈಗೆ ಸಾಗುವುದು ಕೋಲಲ್ಲ, ಈ ಪಟ್ಟಿ.

‘ಎಕಿ’ ಎಂದರೆ ಠಾಣೆ, ‘ಡೆನ್’ ಎಂದರೆ ದಾಟಿಸುವುದು. ಹಳೆಯ ಜಪಾನಿನಲ್ಲಿ ಸುದ್ದಿ ಸಾಗಿಸುತ್ತಿದ್ದ ಠಾಣೆಗಳ ಸಾಲಿನಿಂದ ಬಂದ ಹೆಸರಿದು. ಮೈಸೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾಗಿ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರಿಹೋದ ಮೈಸೂರು ಅಂಚೆ ನಡೆದದ್ದೂ ಓಟಗಾರರ ಕಾಲಬಲದಿಂದಲೇ. ಒಬ್ಬ ತನ್ನ ಪಾಲಿನ ದಾರಿ ಓಡಿ ಚೀಲವನ್ನು ಇನ್ನೊಬ್ಬನ ಹೆಗಲಿಗೆ ಹಾಕುತ್ತಿದ್ದ.

ಆಟವಾಗಿ ಎಕಿಡೆನ್ ಹುಟ್ಟಿದ್ದು 1917ರ ಏಪ್ರಿಲ್‌ನಲ್ಲಿ. ರಾಜಧಾನಿ ಟೋಕಿಯೊಗೆ ಬಂದು 50 ವರ್ಷವಾದ ನೆನಪಿಗೆ ಕ್ಯೋಟೊದಿಂದ ಟೋಕಿಯೊವರೆಗೆ ಸುಮಾರು 500 ಕಿಲೋಮೀಟರ್ ದಾರಿಯನ್ನು 23 ಪಾಲು ಮಾಡಿ, ಹಗಲು ರಾತ್ರಿ ಎನ್ನದೆ ಓಡಿದರು. ಗೆದ್ದ ತಂಡದ ಕೊನೆಯ ಪಾಲು ಕನಕುರಿ ಶಿಜೊ ಅವರದು. ಈ ಮನುಷ್ಯನ ಕಥೆಯನ್ನು ಹೇಳದೆ ಮುಂದೆ ಹೋಗಲಾಗದು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್ ಮ್ಯಾರಥಾನಿನಲ್ಲಿ ಸುಡುಬಿಸಿಲಿಗೆ ಕುಸಿದ ಕನಕುರಿ, ಸಂಘಟಕರಿಗೂ ತಿಳಿಸದೆ ಊರಿಗೆ ಮರಳಿದ್ದರು. ಸ್ವೀಡನ್ನಿನವರು 1967ರಲ್ಲಿ ಕರೆಸಿಕೊಂಡು ಅದೇ ಕ್ರೀಡಾಂಗಣದಲ್ಲಿ ಗುರಿ ಮುಟ್ಟಿಸಿದರು. ಅವರ ಮ್ಯಾರಥಾನ್ ಮುಗಿಯಲು ಹಿಡಿದ ಕಾಲ 54 ವರ್ಷ, 8 ತಿಂಗಳು, 6 ದಿನ, ಮೇಲೆ ಐದೂವರೆ ತಾಸು. ದೂರದೂರಿನ ರಸ್ತೆಯಲ್ಲಿ ಒಂಟಿಯಾಗಿ ಬಿದ್ದ ಆ ಓಟಗಾರನೇ ಮುಂದೆ ಹತ್ತು ಜನ ಕೂಡಿ ಓಡುವ ಪಂದ್ಯಕ್ಕೆ ಒತ್ತಾಸೆಯಾಗಿ ನಿಂತ. 1920ರಲ್ಲಿ ನಾಲ್ಕು ವಿದ್ಯಾಸಂಸ್ಥೆಗಳೊಂದಿಗೆ ಆರಂಭವಾದ ಹಕೋನೆ ಎಕಿಡೆನ್ ಅದು.

ಈಗ ಪ್ರತಿ ಜನವರಿ 2 ಮತ್ತು 3ರಂದು ಅದು ನಡೆಯುತ್ತದೆ. ಟೋಕಿಯೊದಿಂದ ಹಕೋನೆ ಬೆಟ್ಟದ ಆಶಿ ಸರೋವರಕ್ಕೆ ಐದು ಜನ, ಮರುದಿನ ವಾಪಸು ಐದು ಜನ, ಒಟ್ಟು 217.1 ಕಿಲೋಮೀಟರ್. ಒಬ್ಬೊಬ್ಬರ ಪಾಲಿಗೂ 20 ಕಿಲೋಮೀಟರಿಗಿಂತ ಹೆಚ್ಚು. ಐದನೆಯವನದು ಬೆಟ್ಟದ ಏರು.

ಠಾಣೆ ಕಣ್ಣಿಗೆ ಬೀಳುತ್ತಿದ್ದಂತೆ ಓಡುವವನು ಪಟ್ಟಿಯನ್ನು ತಲೆಯ ಮೇಲಿಂದ ತೆಗೆದು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯುತ್ತಾನೆ. ಬೆವರಿಗೆ ತೊಯ್ದ ಬಟ್ಟೆ ಮುದುಡಿರುತ್ತದೆ, ಆಚೆಯವನ ಕೈಗೆ ಸಲೀಸಾಗಿ ಸಿಗಲೆಂದು ಎಳೆದು ನೀಳವಾಗಿಸುತ್ತಾನೆ. ಆಚೆಯವನು ಅದನ್ನು ಹಿಡಿದು ಓಡುತ್ತಲೇ ಹೆಗಲಿಗೇರಿಸಿ, ಸಡಿಲ ತುದಿಯನ್ನು ಚಡ್ಡಿಗೆ ಸಿಕ್ಕಿಸಿಕೊಳ್ಳುತ್ತಾನೆ. ಅಷ್ಟೂ ಸೇರಿ ಕೆಲವು ಹೆಜ್ಜೆಗಳ ಮಾತು. ಗೆಳೆಯನ ಮೈಯ ಬಿಸಿ ಇನ್ನೂ ಆರಿರುವುದಿಲ್ಲ.

ಈ ಓಟದಲ್ಲಿ ಒಂದು ಕಠಿಣ ನಿಯಮವಿದೆ. ವಾಹನಗಳಿಗೆ ರಸ್ತೆಯನ್ನು ಎಷ್ಟೆಂದು ಮುಚ್ಚಿರಲಾದೀತು? ಮುಂಚೂಣಿಯ ತಂಡಕ್ಕಿಂತ ನಿಗದಿತ ಹೊತ್ತು ಹಿಂದೆ ಬಿದ್ದರೆ, ಬೆಟ್ಟದಿಂದ ಮರಳುವ ದಾರಿಯಲ್ಲಿ 20 ನಿಮಿಷ, ಮುಂದಿನವನನ್ನು ಕಾಯಿಸದೆ ಓಡಿಸಿಬಿಡುತ್ತಾರೆ. ಅವನ ಹೆಗಲಿಗೆ ಸಾಮಾನ್ಯವಾಗಿ ಬೇರೊಂದು ಪಟ್ಟೆಪಟ್ಟೆಯ ಬಟ್ಟೆ. ಕೆಲವೊಮ್ಮೆ ಹಿಂದಿನವನು ಕೂಗಳತೆಯಲ್ಲೇ ಬರುತ್ತಿರುತ್ತಾನೆ. ಬಂದು ನೋಡಿದರೆ ಠಾಣೆಯಲ್ಲಿ ಪಡೆಯುವವನಿಲ್ಲ. ತನಗಿಂತ ಮೊದಲಿನವರೆಲ್ಲ ತಂದುಕೊಟ್ಟ ಪಟ್ಟಿಯನ್ನು ಕೈಯಲ್ಲೇ ಹಿಡಿದು ನೆಲಕ್ಕೆ ಕುಸಿಯುವ ಹುಡುಗನನ್ನು ಕಂಡವರಿಗೆ ಆ ವರ್ಷ ಗೆದ್ದವರು ಯಾರೆಂಬುದು ಮರೆತೇ ಹೋಗುತ್ತದೆ. ಓಡಿ ಬಂದು ಅವನನ್ನು ಎತ್ತಿಕೊಳ್ಳುವವರು ಅವನ ತಂಡದವರೇ.

ನಮ್ಮಲ್ಲಿ ರಿಲೇ ಎಂದರೆ ಟ್ರ್ಯಾಕಿನ ಓಟ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕರ್ನಾಟಕದ ವಂದನಾ ರಾವ್, ಪಿ.ಟಿ. ಉಷಾ, ಶೈನಿ ಅಬ್ರಹಾಂ, ವಲ್ಸಮ್ಮ ಕೂಡಿ 4x400 ಮೀಟರ್ ರಿಲೇಯ ಫೈನಲ್ ತಲುಪಿ ಏಳನೆಯವರಾದದ್ದು ಹೆಮ್ಮೆಯ ನೆನಪು. ಊರಿಂದೂರಿಗೆ ಓಡುವ ರಿಲೇ ಮಾತ್ರ ನಮ್ಮಲ್ಲಿ ಬೇರು ಬಿಡಲಿಲ್ಲ.

ಅದು ಬೇರು ಬಿಡಬೇಕಾದ ನೆಲವೊಂದಿದೆ. ನಂಜನಗೂಡು ತಾಲ್ಲೂಕಿನ ಬದನವಾಳು ನೂಲಿನ ಊರು, ಗಾಂಧೀಜಿ ಬಂದು ಹೋದ ಖಾದಿ ಕೇಂದ್ರದ ಊರು. 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಸುಸ್ಥಿರ ಬದುಕಿನ ಸಮಾವೇಶ ನಡೆದದ್ದೂ ಇಲ್ಲೇ. 1993ರಲ್ಲಿ, ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ, ಮೂವರು ದಲಿತರ ಕೊಲೆ ನಡೆದ ಊರೂ ಹೌದು. ಯಾರ ಮೈಬೆವರು ಯಾರಿಗೆ ತಾಗಬಹುದು, ತಾಗಬಾರದು ಎಂಬ ಲೆಕ್ಕ ಇನ್ನೂ ಅಳಿಯದ ನಾಡಿನಲ್ಲಿ ಒಬ್ಬನ ಬೆವರು ಕುಡಿದ ಬಟ್ಟೆಯನ್ನು ಇನ್ನೊಬ್ಬ ಕೈಚಾಚಿ ಪಡೆದು ಎದೆಗೆ ಹಾಕಿಕೊಳ್ಳುವ ಆಟ ಎಂಥದ್ದು! ಕೇರಿಕೇರಿಯ ಮಕ್ಕಳು ಒಂದೇ ತಂಡದಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಒಬ್ಬರಿಗಾಗಿ ಒಬ್ಬರು ರಸ್ತೆ ಬದಿಯಲ್ಲಿ ಕಾಯುವುದನ್ನು ಕಾಣುವ ಆಸೆ ಯಾರಿಗಿರುವುದಿಲ್ಲ?

ದಾರಿ ಕಣ್ಣೆದುರಿಗೇ ಇದೆ. ಬದನವಾಳಿನಲ್ಲಿ ಹೊರಟು, ನಂಜನಗೂಡಿನಲ್ಲಿ 1735ರ ಹಳೆಯ ಸೇತುವೆಯ ಬಳಿ ಕಪಿಲೆಯನ್ನು ಕೂಡಿಕೊಂಡು, ಹೊಳೆಯ ಜೊತೆಜೊತೆಗೇ ಅದು ಕಾವೇರಿಯನ್ನು ಸೇರುವ ತಿರುಮಕೂಡಲಿನವರೆಗೆ. ಇಂದಿನ ಎಕಿಡೆನ್ ಪಂದ್ಯಗಳಲ್ಲಿ ಮ್ಯಾರಥಾನ್ ದೂರವನ್ನು ಆರು ಜನರಿಗೆ 5, 10, 5, 10, 5 ಮತ್ತು 7.195 ಕಿಲೋಮೀಟರ್ ಎಂದು ಹಂಚುವ ಪದ್ಧತಿಯೂ ಇದೆ. ಹೈಸ್ಕೂಲು, ಕಾಲೇಜಿನ ಮಕ್ಕಳಿಗೆ ಹೊಂದುವ ಲೆಕ್ಕ. ಓಟ ಬೆಳಗಿನ ಜಾವವೇ ಶುರುವಾಗಲಿ, ಬಿಸಿಲು ಕನಕುರಿಯನ್ನೇ ಬಿಡಲಿಲ್ಲ. ಪಟ್ಟಿಗೆ ಜಪಾನಿಗೆ ಹೋಗಬೇಕಿಲ್ಲ. ಗಜದಗಲದ ಖಾದಿ ಎರಡು ಗಜ ಇದ್ದರೆ, ಅಂಚು ಮಡಿಸಿ ಹೊಲಿದರೂ, ಹನ್ನೆರಡು ತಂಡಗಳಿಗೆ ಸಾಕು.