ಪದವಿ ಶಿಕ್ಷಣ ಮತ್ತು 'ಮುಕ್ತ ಆಯ್ಕೆ': ಒಂದು ವಿಮರ್ಶೆ

ಕಲೆ, ವಿಜ್ಞಾನ, ಸಮಾಜಶಾಸ್ತ್ರಗಳನ್ನು ಬೇರೆ ಬೇರೆ ಕೊಠಡಿಗಳಲ್ಲಿ ಕೂಡಿಹಾಕದೆ, ವಿದ್ಯಾರ್ಥಿಯು ತನ್ನ ಒಲವಿಗೆ ತಕ್ಕಂತೆ ಹಲವು ಶಾಸ್ತ್ರಗಳನ್ನು ಜೊತೆಗೂಡಿಸಿ ಅಭ್ಯಸಿಸುವ ಪದವಿಯೊಂದು ನಮ್ಮ ನಾಡಿಗೆ 2021ರಲ್ಲಿ ಬಂದಿತು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಲ್ಲಿ ಮೊದಲಿಗೆ ಜಾರಿಗೆ ತಂದ ರಾಜ್ಯ ಕರ್ನಾಟಕವೇ. ಒಂದು ವರ್ಷ ಓದಿ ಬಿಟ್ಟವರಿಗೆ ಪ್ರಮಾಣಪತ್ರ, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಮೇಲಾಗಿ ಅನ್ಯ ವಿಭಾಗದ ವಿಷಯವನ್ನೂ ಓದಲು 'ಮುಕ್ತ ಆಯ್ಕೆ'. 2024ರ ಮೇ ತಿಂಗಳಲ್ಲಿ, ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯ ಆಯೋಗದ ಮಧ್ಯಂತರ ವರದಿಯನ್ನನುಸರಿಸಿ, ರಾಜ್ಯವು ಮೂರು ವರ್ಷದ, ಮೂರು ವಿಷಯದ ಪದ್ಧತಿಗೆ ಮರಳಿತು. ಈ ಅಲ್ಪಾಯುಷಿ ವ್ಯವಸ್ಥೆಯನ್ನು ಹೊಗಳಿದವರೂ ತೆಗಳಿದವರೂ ಬಹಳ ಮಂದಿ. ಕೊಪ್ಪಳದ ಸೀಮೆಯಲ್ಲಿ ನಿಂತು ಅದನ್ನು ನೋಡಿದವರು ಕಡಿಮೆ.

ಮುಕ್ತ ಆಯ್ಕೆಯೆಂಬ ಮಾತು ಕೇಳಲು ಇಂಪು. ಆದರೆ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಆಯ್ಕೆ ಮಾಡುವವನು ವಿದ್ಯಾರ್ಥಿಯಲ್ಲ, ವೇಳಾಪಟ್ಟಿ. ಕುಷ್ಟಗಿ ಕಡೆಯ ಒಬ್ಬ ವಿದ್ಯಾರ್ಥಿನಿ ಇತಿಹಾಸದ ಜೊತೆಗೆ ಸಸ್ಯಶಾಸ್ತ್ರವನ್ನು ಕೇಳಿದಳು. ಅಂಗಮಾರಿ ರೋಗಕ್ಕೆ ಅವಳ ಮನೆಯ ದಾಳಿಂಬೆ ತೋಟ ಹೋಗಿತ್ತು; ಏಕೆ ಹೋಯಿತೆಂದು ಅವಳಿಗೆ ತಿಳಿಯಬೇಕಿತ್ತು. ಆ ವರ್ಷ ಕಾಲೇಜಿನಲ್ಲಿ ಬಿಡುವಿದ್ದ ಅತಿಥಿ ಉಪನ್ಯಾಸಕರು ವಾಣಿಜ್ಯದವರು. ಅವಳು ವಾಣಿಜ್ಯದ ಪತ್ರಿಕೆಯನ್ನು ಓದಿ ತೇರ್ಗಡೆಯಾದಳು. ಇದನ್ನು ಆಯ್ಕೆಯೆನ್ನಲು ನಾಲಗೆ ಏಳುವುದಿಲ್ಲ.

ದೋಷ ಅಧ್ಯಾಪಕರ ಕೊರತೆಯದು ಮಾತ್ರವಲ್ಲ. ಹಲವು ವಿಷಯಗಳನ್ನು ಒಂದರ ಪಕ್ಕದಲ್ಲೊಂದು ಇರಿಸಿದರೇ ಹೊರತು ಅವು ಕೂಡುವ ತಾಣವನ್ನು ಯಾರೂ ತೋರಿಸಲಿಲ್ಲ. ಅಂಥ ತಾಣಕ್ಕೆ ಈ ಜಿಲ್ಲೆಯಲ್ಲಿ ಬರವೇ? ಗಂಗಾವತಿಯ ಒಂದು ಗದ್ದೆಯನ್ನೇ ತೆಗೆದುಕೊಳ್ಳೋಣ. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಈ ನೆಲಕ್ಕೆ ಭತ್ತವನ್ನು ತಂದಿತು. ಭತ್ತದ ಬೇಸಾಯ ಬಲ್ಲ ಆಂಧ್ರದ ರೈತರನ್ನು ತಂದಿತು. ಅವರು ಬೀಡುಬಿಟ್ಟ ಕ್ಯಾಂಪುಗಳು ಊರುಗಳಾದವು. ನೀರು ಮಿತಿಮೀರಿದೆಡೆ ಭೂಮಿ ಜವುಳಾಯಿತು, ಸವಳಾಯಿತು. ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿಯಿತು. 2024ರ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ಆ ಗದ್ದೆಯ ಒಡೆಯನಿಗೆ ನಿದ್ದೆ ಬರಲಿಲ್ಲ. ಇದು ಯಾವ ಶಾಸ್ತ್ರದ ವಿಷಯ? ಮಣ್ಣಿನ ರಸಾಯನವನ್ನರಿಯದವನಿಗೆ ಸವಳು ತಿಳಿಯದು. 1976ರ ಬಚಾವತ್ ತೀರ್ಪನ್ನರಿಯದವನಿಗೆ ನೀರಿನ ಪಾಲು ತಿಳಿಯದು. ತೆಲುಗು ಕಿವಿಗೆ ಬೀಳದವನಿಗೆ ಕ್ಯಾಂಪಿನ ಬಾಳು ತಿಳಿಯದು. ಕಾಲುವೆ ಮುಟ್ಟದ ಯಲಬುರ್ಗಾದ ಹೊಲದಿಂದ ಜನ ಗುಳೆ ಹೋಗುವುದೇಕೆಂಬುದೂ ಇದೇ ಪಾಠದ ಉತ್ತರಾರ್ಧ. ಒಂದು ಸೆಮಿಸ್ಟರಿಗೆ ಇಷ್ಟು ಸಾಕಾಗಿತ್ತು, ಮತ್ತು ಇದಕ್ಕೆ ಹೊಸ ಕಟ್ಟಡ ಬೇಕಿರಲಿಲ್ಲ.

ನಾಲ್ಕನೆಯ ವರ್ಷ ಬಡವರಿಗೆ ಹೊರೆಯೆಂಬ ಆಕ್ಷೇಪ ನ್ಯಾಯವಾದುದೇ. ಪ್ರಸಾದ ನಿಲಯದಲ್ಲಿ ಉಂಡು ಓದಿದ ನಮ್ಮ ಓದುಗರಿಗೆ, ಇನ್ನೊಂದು ವರ್ಷ ಮನೆಗೆ ಸಂಬಳ ಬಾರದೆಂದರೇನೆಂದು ವಿವರಿಸಬೇಕಾಗಿಲ್ಲ. ಆದರೆ ವರ್ಷವನ್ನು ಕಳೆಯುವಾಗ ವಿಚಾರವನ್ನೂ ಕಳೆದರು. ಇಂದು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳು ಮತ್ತೆ ಮೂರು ಗೋಡೆಗಳ ಹಿಂದೆ ಕುಳಿತಿವೆ. ತಂದವರೂ ತೆಗೆದವರೂ ಇದನ್ನು ವರ್ಷಗಳ ಲೆಕ್ಕವೆಂದೇ ಬಗೆದರೆಂಬುದು ನನ್ನ ಮುಖ್ಯ ದೂರು.

ಗಂಗಾವತಿಯ ಗದ್ದೆಯನ್ನು ಪಠ್ಯವಾಗಿಸುವ ಕೆಲಸ ಬೆಂಗಳೂರಿನಿಂದ ಆಗದು. ಅದಕ್ಕೆ ಅಧ್ಯಯನ ಮಂಡಳಿ ಇಲ್ಲಿಯೇ ಕೂರಬೇಕು. ಹಿಂದೆ ಧಾರವಾಡ, ಕಲಬುರಗಿ, ಬಳ್ಳಾರಿಗಳತ್ತ ಮುಖಮಾಡಿದ್ದ ನಮ್ಮ ಕಾಲೇಜುಗಳಿಗೆ ತಳಕಲ್ಲಿನ ಕೊಪ್ಪಳ ವಿಶ್ವವಿದ್ಯಾಲಯ ಬಂದುದು ತೀರ ಈಚೆಗೆ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಮುಚ್ಚಬಹುದೆಂದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಅದೂ ಒಂದಾಗಿತ್ತು.