ಬಲಗಡೆಯ ಸೊನ್ನೆ

ಹೈದರಾಬಾದಿನ ಲಾಲ್ ಬಹದ್ದೂರ್ ಕ್ರೀಡಾಂಗಣವನ್ನು ಹಳಬರು ಇಂದಿಗೂ ಫತೇ ಮೈದಾನ್ ಎಂದೇ ಕರೆಯುತ್ತಾರೆ. 1687ರಲ್ಲಿ ಗೋಲ್ಕೊಂಡಕ್ಕೆ ಮುತ್ತಿಗೆ ಹಾಕಿದ ಔರಂಗಜೇಬನ ಸೇನೆ ಇಲ್ಲಿ ಬೀಡುಬಿಟ್ಟಿತ್ತು, ಗೆದ್ದ ಮೇಲೆ ಜಾಗಕ್ಕೆ ‘ವಿಜಯದ ಬಯಲು’ ಎಂಬ ಹೆಸರಾಯಿತು ಎನ್ನುತ್ತಾರೆ. ಕೋಟೆ ಮಾತ್ರ ಸುಮಾರು ಎಂಟು ತಿಂಗಳು ಬಗ್ಗಿರಲಿಲ್ಲ. ಕೊನೆಗೆ ಒಳಗಿನವರೇ ಬಾಗಿಲು ತೆರೆದದ್ದರಿಂದ ಬಿತ್ತು. ಗೆದ್ದವರ ಹೆಸರು ಬಯಲಿಗೆ ಅಂಟಿಕೊಂಡಿತು. ಎಂಟು ತಿಂಗಳು ತಡೆದವರ ಹೆಸರು ಯಾವ ಬಯಲಿಗೂ ಸಿಗಲಿಲ್ಲ.

ಈ ಊರಿನ ಫುಟ್‌ಬಾಲ್ ನೆನಪೂ ಹಾಗೆಯೇ ಇದೆ. ಮಾತು ತೆಗೆದರೆ ಮೊದಲು ಬರುವ ಹೆಸರು ಕೋಚ್ ಸೈಯದ್ ಅಬ್ದುಲ್ ರಹೀಮ್. ಆಮೇಲೆ ಮುಂಚೂಣಿಯ ತುಳಸಿದಾಸ್ ಬಲರಾಮ್, ಗೋಲ್‌ಕೀಪರ್ ಪೀಟರ್ ತಂಗರಾಜ್. ಇವರ ನಡುವೆ ಬ್ಯಾಕ್ ಆಗಿ ನಿಂತವರು ಯಾರೆಂದು ಕೇಳಿದರೆ ತಲೆ ಕೆರೆದುಕೊಳ್ಳಬೇಕು. ಏಷ್ಯನ್ ಗೇಮ್ಸ್ ಫುಟ್‌ಬಾಲಿನಲ್ಲಿ ಭಾರತ ಕೊನೆಯ ಸಲ ಪದಕ ತಂದದ್ದು 1970ರಲ್ಲಿ, ಬ್ಯಾಂಕಾಕಿನಿಂದ. ಆ ತಂಡದ ನಾಯಕ ಇದೇ ಊರಿನ ಡಿಫೆಂಡರ್ ಸೈಯದ್ ನಯೀಮುದ್ದೀನ್. ಆಟಗಾರನಾಗಿ ಅರ್ಜುನ, ಕೋಚ್ ಆಗಿ ದ್ರೋಣಾಚಾರ್ಯ, ಎರಡೂ ಪ್ರಶಸ್ತಿ ಪಡೆದವರು. ಆದ್ದರಿಂದ ಅವರಿಗೆ ಮನ್ನಣೆ ಸಿಗಲಿಲ್ಲ ಎಂದು ಗೋಳಾಡುವಂತಿಲ್ಲ. ಮನ್ನಣೆ ಕೊಟ್ಟ ನಮಗೇ ಆ ಆಟವನ್ನು ಹೇಗೆ ಅಳೆಯಬೇಕೆಂದು ಗೊತ್ತಿತ್ತೇ ಎಂಬುದು ನನ್ನ ಅನುಮಾನ.

ನಮ್ಮ ಕಬಡ್ಡಿ ಈ ವಿಷಯದಲ್ಲಿ ನ್ಯಾಯವಂತ ಆಟ. ರೈಡಿಗೆ ಬಂದವನು ಮುಟ್ಟಿ ಹೋದರೆ ಅವನ ಕಡೆಗೆ ಅಂಕ, ಹಿಡಿದು ಕೆಡವಿದರೆ ಹಿಡಿದವರ ಕಡೆಗೆ ಅಂಕ. ಹಿಡಿತವೂ ಲೆಕ್ಕದ ಪುಸ್ತಕಕ್ಕೆ ಹೋಗುತ್ತದೆ. ಫುಟ್‌ಬಾಲಿನಲ್ಲಿ ತೊಂಬತ್ತು ನಿಮಿಷ ಹಿಡಿದು ನಿಲ್ಲಿಸಿದವನ ಪಾಲಿಗೆ ಉಳಿಯುವುದು ಒಂದು ಸೊನ್ನೆ, ಅದೂ ಎದುರಾಳಿಯ ಹೆಸರಿನ ಮುಂದೆ. ಉತ್ತರ ಅಮೆರಿಕದ ಐಸ್ ಹಾಕಿಯವರು ಇದಕ್ಕೊಂದು ಉಪಾಯ ಕಂಡುಕೊಂಡರು. ಎರಡೂ ಕಡೆ ಆಟಗಾರರ ಸಂಖ್ಯೆ ಸಮ ಇರುವ ಹೊತ್ತಿನಲ್ಲಿ, ಒಬ್ಬ ಆಟಗಾರ ಮಂಜಿನಂಕಣದಲ್ಲಿದ್ದಾಗ ಅವನ ತಂಡ ಗೋಲು ಹೊಡೆದರೆ ಅವನಿಗೆ ಒಂದು ಕೂಡಿಸುತ್ತಾರೆ, ತಿಂದರೆ ಒಂದು ಕಳೆಯುತ್ತಾರೆ. ಇದಕ್ಕೆ ಪ್ಲಸ್-ಮೈನಸ್ ಎಂದು ಹೆಸರು. ಡಿಫೆಂಡರ್‌ಗಳಿಗೆಂದೇ 1954ರಿಂದ ನಾರಿಸ್ ಟ್ರೋಫಿ ಬೇರೆ ಇದೆ. ಅದನ್ನು ಸತತ ಎಂಟು ವರ್ಷ ಗೆದ್ದ ಬಾಸ್ಟನ್ ಬ್ರೂಯಿನ್ಸ್ ತಂಡದ ಬಾಬಿ ಓರ್ ಆ ಆಟದ ಅತಿ ದೊಡ್ಡ ಡಿಫೆಂಡರ್. ಆದರೆ ಜಗತ್ತು ಓರ್‌ನನ್ನು ನೆನೆಯುವುದು ಒಂದು ಚಿತ್ರದಿಂದ: 1970ರ ಮೇ ತಿಂಗಳಲ್ಲಿ ಸ್ಟಾನ್ಲಿ ಕಪ್ ಗೆಲ್ಲಿಸಿದ ಗೋಲು ಹೊಡೆದು, ಕೈ ಚಾಚಿ ಗಾಳಿಯಲ್ಲಿ ತೇಲುತ್ತಿರುವ ಚಿತ್ರ. ಬಾಸ್ಟನ್ನಿನಲ್ಲಿ ನಿಲ್ಲಿಸಿರುವ ಪ್ರತಿಮೆಯೂ ಆ ಭಂಗಿಯದೇ. ತಡೆಯುವವನಿಗೆಂದೇ ಟ್ರೋಫಿ ಮಾಡಿಟ್ಟ ದೇಶದಲ್ಲೂ ಅವನು ಶಿಲ್ಪವಾಗಬೇಕಾದರೆ ಗೋಲು ಹೊಡೆಯಬೇಕಾಯಿತು.

ನಮ್ಮಲ್ಲಿ ಸೊನ್ನೆಯನ್ನು ಗಮನಿಸದೆ ಹೋದದ್ದಕ್ಕೆ ದೊಡ್ಡ ಸಾಕ್ಷಿ 1951ರ ದೆಹಲಿ ಏಷ್ಯನ್ ಗೇಮ್ಸ್. ರಹೀಮ್ ಕೋಚ್, ಬ್ಯಾಕ್ ಶೈಲೇನ್ ಮನ್ನಾ ನಾಯಕ. ಇಂಡೋನೇಷ್ಯಾ ಮೇಲೆ 3-0, ಅಫ್ಘಾನಿಸ್ತಾನದ ಮೇಲೆ 3-0, ಫೈನಲ್‌ನಲ್ಲಿ ಇರಾನ್ ಮೇಲೆ 1-0. ಮೂರು ಪಂದ್ಯ, ಒಂದೂ ಗೋಲು ಬಿಟ್ಟುಕೊಡದೆ ಚಿನ್ನ. ಎಲ್ಲರಿಗೂ ನೆನಪಿರುವುದು ಫೈನಲ್‌ನಲ್ಲಿ ಗೋಲು ಹೊಡೆದ ಮೇವಾಲಾಲ್.

ಆದರೆ ವಿಮರ್ಶೆ ಎಂದ ಮೇಲೆ ಮಗುಚಿಯೂ ನೋಡಬೇಕು. ಮರುವರ್ಷವೇ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾದ ಎದುರು 10-1ರಿಂದ ಸೋತಿತು. ದೆಹಲಿಯ ಸೊನ್ನೆಗಳಲ್ಲಿ ಎದುರಾಳಿಗಳ ದೌರ್ಬಲ್ಯದ ಪಾಲೂ ಇತ್ತೆಂಬುದನ್ನು ಈ ಹತ್ತು ಗೋಲುಗಳು ಹೇಳಿದವು. ಇಬ್ಬರೇ ಬ್ಯಾಕ್‌ಗಳನ್ನು ನಿಲ್ಲಿಸುವ ಹಳೇ ಪದ್ಧತಿ, ಹಲವರ ಬರಿಗಾಲು, ಚಳಿ ಎಲ್ಲ ಸೇರಿ ತಂಡ ಕುಸಿಯಿತು. ಹಾಗಾಗಿ ಸೊನ್ನೆ ತಾನಾಗಿ ಪುರಾವೆಯಾಗದು. ಎದುರಿಗೆ ಯಾರಿದ್ದರು, ಹೇಗೆ ತಡೆದರು ಎಂಬುದನ್ನೂ ಕೇಳಬೇಕು.

ಹೈದರಾಬಾದಿನ ರಹೀಮ್ ಆ ಪ್ರಶ್ನೆ ಕೇಳಿದರು. ಅವರು ಮೂಲತಃ ಶಾಲಾ ಮೇಷ್ಟ್ರು. ಇವತ್ತು ಕನ್ನಡಿಗರ ನೃಪತುಂಗ ಶಾಲೆ ಇರುವ ಕಾಚಿಗುಡದಲ್ಲೂ ಪಾಠ ಹೇಳಿದವರು. ಹೆಲ್ಸಿಂಕಿಯ ಪೆಟ್ಟಿನ ನಂತರ ಮೂರನೇ ಬ್ಯಾಕ್ ತಂದರು, ಆಮೇಲೆ 4-2-4 ಪದ್ಧತಿಗೆ ಹೊರಳಿದರು. ಚೆಂಡನ್ನು ಕಾಲಲ್ಲೇ ಆಡಿಸಿಕೊಂಡು ಓಡುವುದನ್ನು ನಿಷೇಧಿಸಿದ ಟೂರ್ನಿ, ಬಾರದ ಕಾಲಿನಿಂದಷ್ಟೇ ಒದೆಯಬೇಕಾದ ಟೂರ್ನಿ ನಡೆಸಿದರು. ಇವೆಲ್ಲ ಮುಂಚೂಣಿಯವರ ತಾಲೀಮು ಎಂದು ಬರೆಯುವುದು ವಾಡಿಕೆ. ನನಗೆ ಇವು ಬ್ಯಾಕ್‌ಗಳ ಶಾಲೆಯಾಗಿ ಕಾಣುತ್ತವೆ. ತಡೆದ ಚೆಂಡನ್ನು ಗಾಬರಿಯಲ್ಲಿ ಆಕಾಶಕ್ಕೆ ಒದೆಯದೆ, ಯಾವ ಕಾಲಿಗೆ ಬಂದರೂ ಒಂದೇ ಸ್ಪರ್ಶದಲ್ಲಿ ತಮ್ಮವರಿಗೆ ದಾಟಿಸುವುದು ಡಿಫೆಂಡರ್‌ಗೆ ಬೇಕಾದ ಮೊದಲ ವಿದ್ಯೆ. ರಹೀಮ್ ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಬರೀ ಮುಂದಿನ ಸಾಲಿನ ಬಲದಿಂದ ಐದು ವರ್ಷ ಗೆಲ್ಲಲಾಗದು.

ಕಲ್ಯಾಣ ಕರ್ನಾಟಕದ ಓದುಗರಿಗೆ ಇದರಲ್ಲಿ ಇನ್ನೊಂದು ಎಳೆ ಇದೆ. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಅಳಿಯಿತು; ಬೀದರ್, ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಸೆಮಿಫೈನಲ್ ಸೇರಿತು. ಆ ಒಲಿಂಪಿಕ್ ತಂಡದಲ್ಲಿ ಬ್ಯಾಕ್ ಅಜೀಜುದ್ದೀನ್, ಹಾಫ್ ಬ್ಯಾಕ್ ನೂರ್ ಮಹಮ್ಮದ್ ಹೈದರಾಬಾದಿನವರು. ಮತ್ತೊಬ್ಬ ಹಾಫ್ ಬ್ಯಾಕ್ ಕೆಂಪಯ್ಯ ಬೆಂಗಳೂರಿನವರು. ಚರಿತ್ರೆಯಲ್ಲಿ ನಿಂತದ್ದು ನೆವಿಲ್ ಡಿಸೋಜಾ ಅವರ ಹ್ಯಾಟ್ರಿಕ್. ನಿಲ್ಲಬೇಕಾದದ್ದೇ. ಆದರೆ ಕನ್ನಡಿಗರಾದ ನಮಗೂ ಕೆಂಪಯ್ಯ ಯಾರೆಂದು ನೆನಪಿಲ್ಲ.

ರಹೀಮ್ ಅವರ ಬದುಕನ್ನು ಆಧರಿಸಿ ಅಮಿತ್ ಶರ್ಮಾ ನಿರ್ದೇಶಿಸಿದ ‘ಮೈದಾನ್’ ಚಿತ್ರ 2024ರಲ್ಲಿ ಬಂತು. ಅಜಯ್ ದೇವಗನ್ ಅವರ ಸಂಯಮದ ನಟನೆ, ಮೈದಾನದೊಳಗೇ ಇಳಿದು ಓಡುವ ಕ್ಯಾಮೆರಾ ಮೆಚ್ಚತಕ್ಕವು. ಆದರೆ ಕ್ಯಾಮೆರಾ ಚೆಂಡಿನ ಬೆನ್ನು ಬಿಡುವುದಿಲ್ಲ. ಚೆಂಡು ಬರುವ ಮುಂಚೆಯೇ ನಾಲ್ಕು ಹೆಜ್ಜೆ ಸರಿದು ದಾರಿ ಮುಚ್ಚುವವನು ಚೌಕಟ್ಟಿನ ಆಚೆಯೇ ಉಳಿಯುತ್ತಾನೆ. ಹಾಗೆಂದು ಎಲ್ಲ ತಪ್ಪನ್ನೂ ಚಿತ್ರದ ಮೇಲೆ ಹೊರಿಸಲಾಗದು, ಏಕೆಂದರೆ ಚರಿತ್ರೆಯೇ ಅದಕ್ಕೆ ಒಂದು ಸುಲಭದ ನಾಟಕ ಒದಗಿಸಿತ್ತು. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಏಷ್ಯಾದ ಶ್ರೇಷ್ಠ ಸ್ಟಾಪರ್‌ಗಳಲ್ಲೊಬ್ಬರಾದ ಜರ್ನೈಲ್ ಸಿಂಗ್ ಥಾಯ್ಲೆಂಡ್ ಎದುರು ತಲೆ ಒಡೆದುಕೊಂಡರು. ಹೊಲಿಗೆ ಹಾಕಿದ ತಲೆಯ ಆಟಗಾರನನ್ನು ರಹೀಮ್ ಮುಂಚೂಣಿಗೆ ಕಳಿಸಿದರು. ಜರ್ನೈಲ್ ಸೆಮಿಫೈನಲ್‌ನಲ್ಲೂ, ದಕ್ಷಿಣ ಕೊರಿಯಾ ಎದುರಿನ 2-1ರ ಫೈನಲ್‌ನಲ್ಲೂ ಗೋಲು ಹೊಡೆದರು. ವರ್ಷಗಟ್ಟಲೆ ತಡೆದ ಗೋಲುಗಳೆಲ್ಲ ಸೇರಿ ಆ ಎರಡು ಗೋಲುಗಳ ಮುಂದೆ ಸಣ್ಣವಾದವು. ಓರ್‌ಗೆ ಬಂದ ಭಾಗ್ಯವೇ ಜರ್ನೈಲ್‌ಗೂ ಬಂತು.

ನಯೀಮುದ್ದೀನ್‌ಗೆ ಆ ಭಾಗ್ಯವೂ ಬರಲಿಲ್ಲ. ಹುಟ್ಟಿದ್ದು 1944ರಲ್ಲಿ. 1963ರ ಜೂನ್‌ನಲ್ಲಿ ರಹೀಮ್ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆ ಗರಡಿಯ ಕೊನೆಯ ತಲೆಮಾರು ಎನ್ನಬಹುದು. ಪೊಲೀಸ್ ತಂಡದಿಂದ 1966ರಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್‌ಗೆ ಹೋದರು. ಮುಂದೆ ಮೋಹನ್ ಬಾಗಾನ್, ಮೊಹಮ್ಮಡನ್ ಸ್ಪೋರ್ಟಿಂಗ್ ಅಂಗಿಗಳನ್ನೂ ತೊಟ್ಟರು. ಆ ಕಾಲದ ಆಟಗಾರ ಕಾಗದದ ಮೇಲೆ ಹವ್ಯಾಸಿ. ಸಂಬಳ ಪೊಲೀಸ್ ಇಲಾಖೆಯಿಂದಲೋ ರೈಲ್ವೆಯಿಂದಲೋ ಬರುತ್ತಿತ್ತು. ಹಣ ಮತ್ತು ಹೆಸರು ಎರಡೂ ಬೇಕಾದವನು ಕೋಲ್ಕತ್ತಾ ರೈಲು ಹತ್ತುತ್ತಿದ್ದ. ಒಬ್ಬೊಬ್ಬರಾಗಿ ಹಾಗೆ ಹತ್ತಿ ಹೋದ ಮೇಲೆ ಹೈದರಾಬಾದಿನ ಗರಡಿ ಬರಿದಾಯಿತು. ಒಬ್ಬ ಆಟಗಾರನ ಏಳ್ಗೆ ಅವನ ಊರಿನ ಆಟಕ್ಕೆ ನಷ್ಟವೂ ಆಗಬಹುದು ಎಂಬುದಕ್ಕೆ ಇದು ಉದಾಹರಣೆ. ಇದರಲ್ಲಿ ಆಟಗಾರನ ತಪ್ಪೇನೂ ಇಲ್ಲ. ಅವನನ್ನು ಊರಲ್ಲೇ ಉಳಿಸಿಕೊಳ್ಳುವಂಥ ಕ್ಲಬ್ ಇಲ್ಲಿ ಬೆಳೆಯಲಿಲ್ಲ.

ಓರ್ ಗಾಳಿಯಲ್ಲಿ ತೇಲಿದ ವರ್ಷದ ಡಿಸೆಂಬರ್‌ನಲ್ಲೇ ಬ್ಯಾಂಕಾಕ್ ಏಷ್ಯನ್ ಗೇಮ್ಸ್. ಸೆಮಿಫೈನಲ್‌ನಲ್ಲಿ ಬರ್ಮಾ ಎದುರು 2-0ರಿಂದ ಸೋತ ಭಾರತ ಕಂಚಿಗಾಗಿ ಜಪಾನಿನ ಎದುರು ನಿಂತಿತು. ಆ ಜಪಾನ್ ಎರಡು ವರ್ಷದ ಹಿಂದೆ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ದೇಶ. ಮಂಜೀತ್ ಸಿಂಗ್ ಒಂದು ಗೋಲು ಹೊಡೆದರು, ಪಂದ್ಯ 1-0ಕ್ಕೆ ಮುಗಿಯಿತು. ದೆಹಲಿಯ ಸೊನ್ನೆಗಿಂತ ಈ ಸೊನ್ನೆಯ ತೂಕ ಹೆಚ್ಚು, ಏಕೆಂದರೆ ಎದುರಿಗಿದ್ದವರು ಅಂಥವರು. ಒಂದೇ ಗೋಲಿನ ಮುನ್ನಡೆಯನ್ನು ಕೊನೆಯ ಸೀಟಿಯವರೆಗೆ ಕಾಯುವುದು ಹಿಂದಿನ ಸಾಲಿನ ಕೆಲಸ. ಆ ಸಾಲಿನವರೇ ನಾಯಕರಾಗಿದ್ದರು. ಆಟಗಾರ ನಯೀಮುದ್ದೀನ್ ಅವರ ಬಗ್ಗೆ ನನ್ನ ತೀರ್ಪು ಈ ಪಂದ್ಯದ ಮೇಲೆ ನಿಂತಿದೆ.

ಕೋಚ್ ನಯೀಮುದ್ದೀನ್ ಬಗ್ಗೆ ಅಷ್ಟು ಸಲೀಸಾಗಿ ಹೇಳಲಾರೆ. ಕ್ಲಬ್ ಮಟ್ಟದಲ್ಲಿ ಅವರ ಸಾಧನೆ ದೊಡ್ಡದು. 1990ರಲ್ಲಿ ಅವರ ಈಸ್ಟ್ ಬೆಂಗಾಲ್ ಒಂದೇ ವರ್ಷ ಐಎಫ್‌ಎ ಶೀಲ್ಡ್, ಡುರಾಂಡ್, ರೋವರ್ಸ್ ಮೂರನ್ನೂ ಗೆದ್ದಿತು. ದ್ರೋಣಾಚಾರ್ಯ ಪ್ರಶಸ್ತಿಯೂ ಅದೇ ವರ್ಷದ್ದು. ಗಡಿಯಾಚೆ ಢಾಕಾದ ಬ್ರದರ್ಸ್ ಯೂನಿಯನ್ ತಂಡಕ್ಕೆ 2003-04ರ ಲೀಗ್ ಗೆಲ್ಲಿಸಿಕೊಟ್ಟರು. ಊಟ, ನಿದ್ದೆ, ಅಭ್ಯಾಸದ ವೇಳೆ ಯಾವುದರಲ್ಲೂ ಸಡಿಲ ಬಿಡದ ಕಟ್ಟುನಿಟ್ಟಿನ ಗುರು ಎಂದು ಹೆಸರಾದವರು. ವರ್ಷವಿಡೀ ಆಟಗಾರ ಕಣ್ಣೆದುರೇ ಇರುವ ಕ್ಲಬ್ಬಿನಲ್ಲಿ ಈ ಶಿಸ್ತು ಫಲ ಕೊಟ್ಟಿತು.

ದೇಶದ ತಂಡದಲ್ಲಿ ಅದು ಒಂದು ಹದದವರೆಗೆ ಮಾತ್ರ ನಡೆಯಿತು. ದಕ್ಷಿಣ ಏಷ್ಯಾದ ಮಟ್ಟದಲ್ಲಿ 1997ರ ಕಠ್ಮಂಡು ಮತ್ತು 2005ರ ಕರಾಚಿ ಟೂರ್ನಿಗಳೆರಡನ್ನೂ ಅವರ ತಂಡ ಗೆದ್ದಿತು. ಕರಾಚಿ ಫೈನಲ್‌ನಲ್ಲಿ ಬಾಂಗ್ಲಾದೇಶದ ಮೇಲೆ 2-0. ಆದರೆ 2006ರ ಆರಂಭದಲ್ಲಿ ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ ಜಪಾನ್ 6-0, ಮತ್ತೊಂದು ವಾರದಲ್ಲಿ ದೆಹಲಿಯಲ್ಲೇ ಯೆಮನ್ 3-0. ಡಿಫೆಂಡರ್ ಆಗಿ ಹೆಸರು ಮಾಡಿದವರ ತಂಡ ಎರಡು ಪಂದ್ಯದಲ್ಲಿ ಒಂಬತ್ತು ಗೋಲು ತಿಂದಿತು. ಅದೇ ವರ್ಷ ಅವರ ಜಾಗಕ್ಕೆ ಇಂಗ್ಲೆಂಡಿನ ಬಾಬ್ ಹೌಟನ್ ಬಂದರು. 1970ರಲ್ಲಿ ಒಂದೂ ಗೋಲು ಬಿಡದೆ ಮಣಿಸಿದ್ದ ಜಪಾನ್ ಅಷ್ಟು ಹೊತ್ತಿಗೆ 1993ರಲ್ಲಿ ವೃತ್ತಿಪರ ಲೀಗ್ ಕಟ್ಟಿ, ವಿಶ್ವಕಪ್ ಆಡಿ ಎಲ್ಲಿಗೋ ಹೋಗಿತ್ತು. ಸಮಸ್ಯೆ ಒಬ್ಬ ಕೋಚ್‌ಗಿಂತ ದೊಡ್ಡದು, ನಿಜ. ಆದರೂ ಒಂದು ಮಾತು ಹೇಳಲೇಬೇಕು. ಹೆಲ್ಸಿಂಕಿಯ ಹತ್ತು ಗೋಲು ತಿಂದ ಮೇಲೆ ರಹೀಮ್ ತಮ್ಮ ಪದ್ಧತಿಯನ್ನೇ ಕಿತ್ತು ಹೊಸದಾಗಿ ನೆಟ್ಟರು. ಶಿಷ್ಯರ ತಲೆಮಾರು ಗುರುವಿನ ಶಿಸ್ತನ್ನು ಉಳಿಸಿಕೊಂಡಷ್ಟು ಅವರ ಕುತೂಹಲವನ್ನು ಉಳಿಸಿಕೊಳ್ಳಲಿಲ್ಲ.

ಊರಿನ ಕಥೆ ಮುಂದುವರಿದು ಮತ್ತೆ ಖಾಲಿಗೇ ಬಂತು. 2019ರಲ್ಲಿ ಹುಟ್ಟಿದ ಹೈದರಾಬಾದ್ ಎಫ್‌ಸಿ 2022ರ ಮಾರ್ಚ್‌ನಲ್ಲಿ ಗೋವಾದಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದಿತು. ಕೇರಳ ಬ್ಲಾಸ್ಟರ್ಸ್ ಎದುರಿನ ಆ ಫೈನಲ್ ಪೆನಾಲ್ಟಿಗೆ ಹೋದಾಗ ಗೋಲ್‌ಕೀಪರ್ ಲಕ್ಷ್ಮೀಕಾಂತ್ ಕಟ್ಟಿಮನಿ ಮೂರು ಒದೆತ ತಡೆದರು. ಒಮ್ಮೆಯಾದರೂ ತಡೆದವನೇ ಅಂದಿನ ಹೀರೊ ಆದ. 2025ರಲ್ಲಿ ಆ ಕ್ಲಬ್ ದೆಹಲಿಗೆ ಎತ್ತಂಗಡಿಯಾಯಿತು. ಅರವತ್ತರ ದಶಕದಲ್ಲಿ ಆಟಗಾರರು ರೈಲು ಹತ್ತಿದ್ದರು, ಈಗ ತಂಡವೇ ಹತ್ತಿತು.

ಇಷ್ಟಾದರೂ ನಯೀಮುದ್ದೀನ್ ಅವರ ಬದುಕು ನಮಗೆ ಒಂದು ಓದುವ ಕ್ರಮ ಕಲಿಸುತ್ತದೆ. 1951ರ ಫೈನಲ್ 1-0. 1970ರ ಕಂಚು 1-0. ಪತ್ರಿಕೆಯಲ್ಲಿ ಇಂಥ ಫಲಿತಾಂಶ ಕಂಡಾಗ ನಮ್ಮ ಕಣ್ಣು ಎಡಗಡೆಯ ಒಂದರ ಮೇಲೆ ನಿಂತು, ಅದನ್ನು ಹೊಡೆದವನ ಹೆಸರು ಹುಡುಕುತ್ತದೆ. ಇನ್ನು ಮೇಲೆ ಬಲಗಡೆಯ ಸೊನ್ನೆಯ ಮೇಲೂ ಒಂದು ಗಳಿಗೆ ನಿಲ್ಲಲಿ. ಅದರ ಕೆಳಗೆ ಹೆಸರು ಅಚ್ಚಾಗಿರುವುದಿಲ್ಲ. ಓದುಗನೇ ತಂಡದ ಪಟ್ಟಿ ತೆಗೆದು, ಹಿಂದಿನ ಸಾಲಿನಲ್ಲಿ ಯಾರಿದ್ದರೆಂದು ನೋಡಿಕೊಳ್ಳಬೇಕು.