ಹೇಳುವ ಫೀಸು, ಕಟ್ಟುವ ಫೀಸು

ಅಮೆರಿಕದ ಸಣ್ಣ ಖಾಸಗಿ ಕಾಲೇಜುಗಳಲ್ಲಿ ಎರಡು ಬಗೆಯ ಫೀಸು ಚಾಲ್ತಿಯಲ್ಲಿದೆ. ಕಾಲೇಜು ಪ್ರಕಟಿಸುವುದು ಒಂದು, ವಿದ್ಯಾರ್ಥಿ ಕಟ್ಟುವುದು ಇನ್ನೊಂದು. ನಡುವಿನ ಅಂತರವನ್ನು ‘ಟ್ಯೂಷನ್ ಡಿಸ್ಕೌಂಟ್’ ಎನ್ನುತ್ತಾರೆ. ಅಲ್ಲಿನ ಕಾಲೇಜುಗಳ ಹಣಕಾಸು ಅಧಿಕಾರಿಗಳ ಸಂಘ ನ್ಯಾಕುಬೊ ಪ್ರತಿವರ್ಷ ಇದರ ಲೆಕ್ಕ ತೆಗೆಯುತ್ತದೆ. 2022-23ರಲ್ಲಿ ಲಾಭರಹಿತ ಖಾಸಗಿ ಕಾಲೇಜುಗಳು ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಕೊಟ್ಟ ರಿಯಾಯಿತಿ ಸರಾಸರಿ ಶೇ 56ರಷ್ಟಿತ್ತು. 40,000 ಡಾಲರ್ ಫೀಸು ಎಂದು ಸಾರಿದ ಕಾಲೇಜಿನ ಕೈಗೆ ಈ ಲೆಕ್ಕದಲ್ಲಿ ಬರುವುದು 17,600 ಡಾಲರ್ ಮಾತ್ರ.

ಈ ಪದ್ಧತಿಯನ್ನು ಶುರುಮಾಡಿದವರು ದಡ್ಡರೇನಲ್ಲ. ತರಗತಿಯಲ್ಲಿ ಹತ್ತು ಜಾಗ ಖಾಲಿ ಉಳಿದರೂ ಮೇಷ್ಟ್ರ ಸಂಬಳ, ಕಟ್ಟಡದ ಖರ್ಚು, ಲೈಬ್ರರಿಯ ವೆಚ್ಚ ಇಳಿಯುವುದಿಲ್ಲ. ಹಾಗಿರುವಾಗ ಅರ್ಧ ಫೀಸು ಕಟ್ಟುವ ಹುಡುಗ ಬಂದರೂ ಲಾಭವೇ. ಫೀಸು ದುಬಾರಿಯಾಗಿದ್ದರೆ ಓದೂ ಒಳ್ಳೆಯದಿರಬೇಕು ಎಂದು ನಂಬುವ ಪೋಷಕರು ಎಲ್ಲ ದೇಶದಲ್ಲೂ ಇದ್ದಾರೆ. ಅಮೆರಿಕದ ಶಿಕ್ಷಣ ವಲಯದಲ್ಲಿ ಈ ನಂಬಿಕೆಗೆ ಒಂದು ದುಬಾರಿ ವಿಸ್ಕಿಯ ಹೆಸರನ್ನೇ ಇಟ್ಟು ‘ಶಿವಾಸ್ ರೀಗಲ್ ಪರಿಣಾಮ’ ಎಂದು ಕರೆದರು. ಫೀಸು ಇಳಿಸಿದರೆ ಕಾಲೇಜಿನ ದರ್ಜೆಯೇ ಇಳಿಯಿತೆಂದು ಜನ ತಿಳಿಯುತ್ತಾರೆ. ಅದೇ ಹಣವನ್ನು ಸ್ಕಾಲರ್‌ಶಿಪ್ ಎಂದು ಬಿಟ್ಟುಕೊಟ್ಟರೆ ಮನೆಮಂದಿಯೆಲ್ಲ ಹಿಗ್ಗುತ್ತಾರೆ.

ಒಂದು ಕಾಲೇಜಿಗೆ ಇದು ಜಾಣತನ. ಸುತ್ತಲಿನ ಎಲ್ಲ ಕಾಲೇಜುಗಳೂ ಇದನ್ನೇ ಮಾಡತೊಡಗಿದಾಗ ಯಾರಿಗೂ ಲಾಭವಿಲ್ಲ. ಇರುವ ವಿದ್ಯಾರ್ಥಿಗಳನ್ನೇ ಪರಸ್ಪರ ಸೆಳೆದುಕೊಳ್ಳಬೇಕು. ಅವರ ಸಂಖ್ಯೆಯೋ ಬೆಳೆಯುತ್ತಿಲ್ಲ. 2007ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಮಕ್ಕಳು ಸುಮಾರು 43 ಲಕ್ಷ. ಮರುವರ್ಷದ ಆರ್ಥಿಕ ಕುಸಿತದ ನಂತರ ಜನನ ಸಂಖ್ಯೆ ಇಳಿಯುತ್ತಾ ಹೋಯಿತು. ಆ 2007ರ ಮಕ್ಕಳಿಗೆ 2025ಕ್ಕೆ ಹದಿನೆಂಟು ತುಂಬಿತು. ಇನ್ನು ಮುಂದೆ ಕಾಲೇಜಿನ ಬಾಗಿಲಿಗೆ ಬರಬೇಕಾದದ್ದು ಅವರಿಗಿಂತ ಸಣ್ಣ ತಲೆಮಾರು. ಅವರಿಗಾಗಿ ಪೈಪೋಟಿ ಏರಿದಷ್ಟೂ ರಿಯಾಯಿತಿಯೂ ಏರುತ್ತದೆ. ವರ್ಷವರ್ಷವೂ ಫೀಸು ಹೆಚ್ಚಿಸಿದೆವೆಂದು ಕಾಲೇಜು ಹೇಳಿಕೊಳ್ಳುತ್ತದೆ, ಹೆಚ್ಚಿಸಿದ್ದನ್ನು ರಿಯಾಯಿತಿ ನುಂಗಿಹಾಕುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕೆನ್ನುವ ಸ್ಥಿತಿ ಇದು.

‘ಸ್ಕಾಲರ್‌ಶಿಪ್’ ಎಂದು ಬರೆದಿರುವುದರಲ್ಲೂ ಎರಡು ಬಗೆಯಿದೆ. ಹಾರ್ವರ್ಡ್‌ನಂಥ ಸಂಸ್ಥೆಯ ದತ್ತಿನಿಧಿ 5,000 ಕೋಟಿ ಡಾಲರ್ ದಾಟಿದೆ. ಅದು ಬಡ ವಿದ್ಯಾರ್ಥಿಯ ಫೀಸು ಬಿಟ್ಟರೆ ಆ ಜಾಗವನ್ನು ತುಂಬಲು ಬೇರೆಡೆ ಹಣವಿದೆ. ಸಣ್ಣ ಕಾಲೇಜಿನಲ್ಲಿ ಬಹುಪಾಲು ರಿಯಾಯಿತಿಯ ಹಿಂದೆ ಅಂಥ ಯಾವ ನಿಧಿಯೂ ಇರುವುದಿಲ್ಲ. ಅದು ಬರಬೇಕಾಗಿದ್ದು ಬಾರದೆ ಹೋದ ಹಣ, ಅಷ್ಟೇ. ಅದೂ ಬಡವರಿಗೇ ಸೇರುತ್ತದೆಂದಿಲ್ಲ. ಅಂಕ ನೋಡಿ ಕೊಡುವ ‘ಮೆರಿಟ್’ ರಿಯಾಯಿತಿಯಲ್ಲಿ ದೊಡ್ಡ ಪಾಲು ಪೂರ್ತಿ ಫೀಸು ಕಟ್ಟಬಲ್ಲ ಕುಟುಂಬಗಳಿಗೂ ಹೋಗುತ್ತದೆ. ಅತ್ತ ಬಡ ಮನೆಯ ಹುಡುಗಿ ಪ್ರಕಟಿತ ಫೀಸು ಕಂಡೇ ಹೆದರಿ, ಅರ್ಜಿಯನ್ನೂ ಹಾಕದೆ ದೂರ ಉಳಿಯುತ್ತಾಳೆ.

ಪ್ರವೇಶ ಸಿಕ್ಕವರಿಗೆ ಬರುವ ‘ಅವಾರ್ಡ್ ಲೆಟರ್’ ಓದಿ ನೋಡಿದರೆ ಈ ವ್ಯವಸ್ಥೆಯ ಗುಣ ತಿಳಿಯುತ್ತದೆ. ಎಷ್ಟೋ ಪತ್ರಗಳಲ್ಲಿ ಕಾಲೇಜಿನ ಸ್ಕಾಲರ್‌ಶಿಪ್, ಸರ್ಕಾರದ ಅನುದಾನ, ಮುಂದೆ ಬಡ್ಡಿಸಮೇತ ತೀರಿಸಬೇಕಾದ ಸಾಲ, ಕ್ಯಾಂಪಸ್ಸಿನಲ್ಲೇ ದುಡಿದು ಗಳಿಸಬೇಕಾದ ಹಣ ಎಲ್ಲವೂ ಒಂದರ ಕೆಳಗೊಂದು ಕೂತಿರುತ್ತವೆ. ಕೂಡಿದರೆ ದೊಡ್ಡ ಮೊತ್ತ; ಅಪ್ಪ-ಅಮ್ಮ ಕೈಯಿಂದ ಎಷ್ಟು ಕಟ್ಟಬೇಕೆಂಬ ಸಾಲು ಮಾತ್ರ ಕಾಣುವುದಿಲ್ಲ. ಅಮೆರಿಕದ ಸಂಸತ್ತಿನ ಲೆಕ್ಕತಪಾಸಣಾ ಸಂಸ್ಥೆ ಜಿಎಒ 2022ರಲ್ಲಿ ಇಂಥ ಪತ್ರಗಳನ್ನು ಪರಿಶೀಲಿಸಿತು. ಶೇ 91ರಷ್ಟು ಕಾಲೇಜುಗಳು ನಿಜವಾಗಿ ಕಟ್ಟಬೇಕಾದ ಮೊತ್ತವನ್ನು ಒಂದೋ ಹೇಳುವುದೇ ಇಲ್ಲ, ಇಲ್ಲವೇ ಕಡಿಮೆ ಮಾಡಿ ತೋರಿಸುತ್ತವೆ ಎಂಬುದು ಅದರ ಅಂದಾಜು. ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ನೆಲೆಸಿ ಮಕ್ಕಳನ್ನು ಕಾಲೇಜಿಗೆ ಕಳಿಸುವ ಕನ್ನಡಿಗರ ಮನೆಗಳಿಗೂ ಬರುವುದು ಇದೇ ಪತ್ರ.

ನನ್ನ ಮುಖ್ಯ ತಕರಾರು ಬೇರೆ. ಹೊರಗಿನವರಿಗೆ ಮುಸುಕು ಹಾಕಿದ ಲೆಕ್ಕ ಒಳಗಿನವರಿಗೂ ಮಸುಕಾಗುತ್ತದೆ. ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜಿನ ಬೇರು 1856ರವರೆಗೆ ಹೋಗುತ್ತದೆ. ವಿದ್ಯಾರ್ಥಿ ನೆರವಿನ ಲೆಕ್ಕದಲ್ಲಿ ತಪ್ಪು ನಡೆದಿದೆಯೆಂದು ಅಲ್ಲಿ 2010ರಲ್ಲಿ ಬಯಲಾಯಿತು; ಅದಾಗಲೇ ಕಾಲೇಜು ಕಟ್ಟಡಗಳಿಗಾಗಿ ಸಾಲವನ್ನೂ ಮಾಡಿಕೊಂಡಿತ್ತು. ಸಿಬ್ಬಂದಿಯನ್ನು ತೆಗೆದರು, ಕೋರ್ಸುಗಳನ್ನು ಕೈಬಿಟ್ಟರು. 2023ರಲ್ಲಿ ರಾಜ್ಯದ ಶಾಸಕಾಂಗ ಇಂಥ ಕಾಲೇಜಿಗೆ ಸಾಲ ಕೊಡುವ ಕಾನೂನನ್ನೇ ಮಾಡಿತು, ರಾಜ್ಯದ ಖಜಾಂಚಿ ಸಾಲ ಕೊಡಲು ಒಪ್ಪಲಿಲ್ಲ. 2024ರ ಮೇ 31ರಂದು ಕಾಲೇಜು ಮುಚ್ಚಿತು. ಅದೇ ದಿನಗಳಲ್ಲಿ ಅದರ ಬೇಸ್‌ಬಾಲ್ ತಂಡ ತನ್ನ ವಿಭಾಗದ ರಾಷ್ಟ್ರೀಯ ಟೂರ್ನಿಯ ಅಂತಿಮ ಹಂತದಲ್ಲಿ ಆಡುತ್ತಿತ್ತು.

ವರ್ಜೀನಿಯಾದ ಸ್ವೀಟ್ ಬ್ರಯರ್ ಮಹಿಳಾ ಕಾಲೇಜು ಬೇರೆ ದಾರಿ ಹಿಡಿಯಿತು. 2015ರ ಮಾರ್ಚ್‌ನಲ್ಲಿ ಅದರ ಟ್ರಸ್ಟಿಗಳು ಆಗಸ್ಟಿಗೆ ಬಾಗಿಲು ಹಾಕುವುದಾಗಿ ಏಕಾಏಕಿ ಘೋಷಿಸಿದರು. ಆಗ ಅದರ ದತ್ತಿನಿಧಿ ಸುಮಾರು 8.4 ಕೋಟಿ ಡಾಲರ್ ಇತ್ತು, ಅದರಲ್ಲಿ ಬಹಳಷ್ಟನ್ನು ದಾನಿಗಳ ಷರತ್ತು ಮೀರಿ ಮುಟ್ಟುವಂತಿರಲಿಲ್ಲ. ಹಳೆಯ ವಿದ್ಯಾರ್ಥಿನಿಯರು ಸುಮ್ಮನಾಗಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. ಜೂನ್ ಹೊತ್ತಿಗೆ ರಾಜಿಯಾಗಿ ಅವರು 1.2 ಕೋಟಿ ಡಾಲರ್ ಕೊಡಲು ಮುಂದಾದರು. ಷರತ್ತಿನ ನಿಧಿಯಲ್ಲಿ 1.6 ಕೋಟಿ ಬಳಸಲು ರಾಜ್ಯದ ಅಟಾರ್ನಿ ಜನರಲ್ ಒಪ್ಪಿದರು. ಎರಡು ವರ್ಷದ ಬಳಿಕ ಕಾಲೇಜು ಇನ್ನೊಂದು ಹೆಜ್ಜೆ ಇಟ್ಟು, 36,000 ಡಾಲರ್ ದಾಟಿದ್ದ ವಾರ್ಷಿಕ ಬೋಧನಾ ಫೀಸನ್ನು 2018ರಿಂದ 21,000ಕ್ಕೆ ಇಳಿಸಿತು.

ಇದರಿಂದ ಆದಾಯವೇನೂ ಉಕ್ಕಿ ಬರುವುದಿಲ್ಲ. ಕೊಡುತ್ತಿದ್ದ ರಿಯಾಯಿತಿಯನ್ನು ಕಡಿಮೆಮಾಡಿ ಫೀಸನ್ನು ವಾಸ್ತವಕ್ಕೆ ಹತ್ತಿರ ತಂದಂತಾಯಿತು, ಅಷ್ಟೇ. ಆದರೆ ಅಲ್ಲಿಂದ ಮುಂದಿನ ಚರ್ಚೆ ಸರಿಯಾದ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಇಷ್ಟು ಹಣದಲ್ಲಿ ಎಷ್ಟು ಮೇಷ್ಟ್ರನ್ನು, ಎಷ್ಟು ಕೋರ್ಸುಗಳನ್ನು ಸಾಕಬಲ್ಲೆವು?

ನಮ್ಮಲ್ಲೂ ಒಬ್ಬರ ಫೀಸಿನಲ್ಲಿ ಇನ್ನೊಬ್ಬರನ್ನು ಓದಿಸಿದ ಕಾಲವಿತ್ತು. 1993ರ ಉನ್ನಿಕೃಷ್ಣನ್ ತೀರ್ಪಿನ ಯೋಜನೆಯಲ್ಲಿ ವೃತ್ತಿಶಿಕ್ಷಣ ಕಾಲೇಜಿನ ಅರ್ಧ ಸೀಟು ‘ಫ್ರೀ’, ಅರ್ಧ ‘ಪೇಮೆಂಟ್’. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಯೋಜನೆ ಸರಿಯೋ ತಪ್ಪೋ, ಯಾರ ಹಣ ಯಾರಿಗೆ ಹೋಗುತ್ತಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಕಂಡಿದ್ದರಿಂದಲೇ ಅದನ್ನು ಪ್ರಶ್ನಿಸಲು ಸಾಧ್ಯವಾಯಿತು. ಅಮೆರಿಕದ ರಿಯಾಯಿತಿ ಪದ್ಧತಿಯಲ್ಲಿ ಇಲ್ಲದಿರುವುದು ಈ ಬಯಲುತನವೇ.

ಸಣ್ಣ ಕಾಲೇಜುಗಳು ಉಳಿಯಬೇಕು. ಮೇಷ್ಟ್ರಿಗೆ ಪ್ರತಿ ವಿದ್ಯಾರ್ಥಿಯ ಹೆಸರು ಗೊತ್ತಿರುವ ತರಗತಿಗಳು ಎಲ್ಲೆಡೆ ಸಿಗುವುದಿಲ್ಲ. ಮಕ್ಕಳ ಸಂಖ್ಯೆ ಕುಗ್ಗುತ್ತಿರುವುದಕ್ಕೆ ಅವು ಕಾರಣವಲ್ಲ, ಅದನ್ನು ತಡೆಯುವ ಶಕ್ತಿಯೂ ಅವಕ್ಕಿಲ್ಲ. ನಾಲ್ಕು ವರ್ಷಕ್ಕೆ ಕೈಯಿಂದ ಕಟ್ಟಬೇಕಾದ ಒಟ್ಟು ಮೊತ್ತವನ್ನು ಪತ್ರದ ಮೊದಲ ಸಾಲಿನಲ್ಲಿ ಬರೆಯುವುದು, ಒಬ್ಬ ವಿದ್ಯಾರ್ಥಿಯಿಂದ ನಿಜವಾಗಿ ಬಂದ ಹಣವೆಷ್ಟೆಂದು ವರ್ಷಕ್ಕೊಮ್ಮೆ ಪ್ರಕಟಿಸುವುದು ಅವುಗಳ ಕೈಯಲ್ಲೇ ಇದೆ. ಆ ಅಂಕಿ ಟ್ರಸ್ಟಿಗಳ ಮುಂದೆ ಪ್ರತಿವರ್ಷ ಬಂದರೆ ಮುಚ್ಚಬೇಕಾದ ಕಾಲೇಜೂ ಐದು ವರ್ಷ ಮೊದಲೇ ಅದನ್ನು ತಿಳಿದು, ಓದುತ್ತಿರುವವರಿಗೆ ಬೇರೆ ದಾರಿ ಮಾಡಿಕೊಟ್ಟು ಮುಚ್ಚಬಹುದು.